ಯಾರನ್ನೂ ಕರೆಯದ ಹಬ್ಬ

"ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನ ಇರಬೇಕು." ನಮ್ಮ ಮ್ಯಾನೇಜ್‌ಮೆಂಟ್ ಪುಸ್ತಕದ ಮೂರನೆಯ ಅಧ್ಯಾಯ ಶುರುವಾಗುವುದೇ ಹೀಗೆ. ಬರೆದ ಮಹಾನುಭಾವನಿಗೆ ಅಣ್ಣತಮ್ಮಂದಿರು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಇಂಥ ಮಾತು ಬರೆದು, ಏನೂ ಆಗದವನ ಹಾಗೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ.

ಆ ಸಾಲನ್ನು ನಾನು ಗಟ್ಟಿಯಾಗಿ ಓದಿದ್ದು ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನದ ಊಟದ ಮೇಜಿನಲ್ಲಿ. ಸರ್ಬಿಯಾದ ನೀಶ್ ಪಟ್ಟಣದಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಅಜ್ಜಿ, ದೊಡ್ಡಪ್ಪ ರಾತೊಮಿರ್, ದೊಡ್ಡಮ್ಮ ದೆಸಾಂಕಾ. ಅವರಿಗೆ ಮಕ್ಕಳಿಲ್ಲ. ಮೇಲೆ ಅಪ್ಪ ವೆಲಿಬೋರ್, ಅಮ್ಮ, ನಾನು. ಮಲಗುವುದಕ್ಕೆ ಎರಡು ಅಂತಸ್ತಿದ್ದರೂ ಉಣ್ಣುವುದಕ್ಕೆ ಒಂದೇ ಅಡುಗೆಮನೆ, ಕೆಳಗಿನ ಅಜ್ಜಿಯದು. ಬದುಕುವುದಕ್ಕೂ ಒಂದೇ ಅಂಗಡಿ, ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತಾತ ಬಿಟ್ಟುಹೋದ ಬುರೆಕ್ ಅಂಗಡಿ. ದೊಡ್ಡಪ್ಪ ಬೆಳಗಿನ ಜಾವ ಎದ್ದು ಹೋಗಿ, ಎಣ್ಣೆ ಸವರಿದ ಮೇಜಿನ ಮೇಲೆ ನಾದಿದ ಹಿಟ್ಟನ್ನು ಎತ್ತಿ ಬೀಸಿ ಬೀಸಿ ಪಂಚೆಯಷ್ಟು ತೆಳ್ಳಗೆ ಮಾಡಿ, ಒಳಗೆ ಮಾಂಸವನ್ನೋ ಚೀಸನ್ನೋ ಇಟ್ಟು, ದುಂಡು ತಟ್ಟೆಗಳಲ್ಲಿ ಒಲೆಗೆ ಕೊಡುತ್ತಾನೆ. ಅಪ್ಪ ಗಲ್ಲಾದಲ್ಲಿ ಕೂರುತ್ತಾನೆ. ಗೋತ್ಸಾ ಎಂಬ ಹೆಂಗಸು ಬುರೆಕ್ ಕತ್ತರಿಸಿ, ಒಂದು ಲೋಟ ಮೊಸರಿನ ಜೊತೆ ಗಿರಾಕಿಗಳಿಗೆ ಕೊಡುತ್ತಾಳೆ.

ಕಾಲೇಜಿನಲ್ಲಿ ಮೇಡಂ ನಮಗೊಂದು ಕೆಲಸ ಹಚ್ಚಿದ್ದರು. ನಿಜವಾದ ಒಂದು ವ್ಯಾಪಾರವನ್ನು ಹಿಡಿದು, ಪುಸ್ತಕದ ಸಿದ್ಧಾಂತ ಅಲ್ಲಿ ಹೇಗೆ ನಡೆಯುತ್ತದೆ ಅಥವಾ ನಡೆಯುವುದಿಲ್ಲ ಅಂತ ನೋಡಿ ಬರಬೇಕು. ಉಳಿದವರು ಫೋನಿನ ಅಂಗಡಿ, ಪೆಟ್ರೋಲ್ ಬಂಕು ಹಿಡಿದರು. ನಾನು ಮಹಾ ಬುದ್ಧಿವಂತೆ, ಮನೆಯನ್ನೇ ಹಿಡಿದೆ.

"ಅಂದ್ರೆ ನಮ್ಮ ಅಂಗಡೀನ ಪುಸ್ತಕದ ಪಕ್ಕ ಇಟ್ಟು ನೋಡ್ತೀಯಾ?" ಅಪ್ಪ ಬ್ರೆಡ್ಡು ಮುರಿಯುತ್ತ ಕೇಳಿದ. "ನೋಡೇ ಇಸ್ಕ್ರಾ, ನೋಡು. ಯಾರಾದ್ರೂ ಒಬ್ಬರು ನೋಡ್ಲೇಬೇಕಿತ್ತು."

"ನೋಡೋಕೇನಿದೆ?" ಎಂದ ದೊಡ್ಡಪ್ಪ, ಸೂಪಿನಿಂದ ತಲೆ ಎತ್ತದೆ. "ಒಲೆ ಇದೆ, ತಟ್ಟೆ ಇದೆ. ತಟ್ಟೆ ಖಾಲಿಯಾದ್ರೆ ಬಾಗಿಲು ಹಾಕೋದು. ನಮ್ಮಪ್ಪ ಹೇಳಿಕೊಟ್ಟಿದ್ದು ಅಷ್ಟೇ."

"ಅಲ್ಲೇ ತೊಂದರೆ ಇರೋದು ದೊಡ್ಡಪ್ಪಾ. ನಿನ್ನೆ ನೀನು ಗೋತ್ಸಾಗೆ ಬಾಗಿಲು ಹಾಕು ಅಂದೆ. ಅಪ್ಪ ಮಧ್ಯಾಹ್ನದ ತನಕ ತೆರೆದಿಡು ಅಂದ. ಅವಳು ಬಾಗಿಲು ಅರ್ಧ ಎಳೆದು, ಬೀದೀಲಿ ನಿಂತು ಸಿಗರೇಟು ಸೇದ್ತಾ ಇದ್ಲು. ಇದಕ್ಕಂತಲೇ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆ."

ಆಗಲೇ ಆ ಸಾಲನ್ನು ಓದಿದೆ.

ಅಪ್ಪನ ಮುಖ ಅರಳಿತು. "ಕೇಳಿಸ್ತಾ ಅಣ್ಣಾ? ನಾನು ಹೇಳಿದ್ರೆ ನನ್ನ ಬಾಯಿ ಮುಚ್ಚಿಸ್ತಿದ್ದೆ. ಈಗ ಪುಸ್ತಕ ಹೇಳ್ತಾ ಇದೆ."

"ಕೇಳಿಸ್ತು. ಆ ಒಬ್ಬ ಯಜಮಾನ ಯಾರು ಅಂತಾನೂ ಬರೆದಿದೆಯಾ ಅದರಲ್ಲಿ?"

ಅಮ್ಮ ಮೇಜಿನ ಕೆಳಗೆ ನನ್ನ ಕಾಲನ್ನು ಒದ್ದಳು.

"ಯಜಮಾನ ಅಲ್ಲಿದಾನೆ," ಎಂದಳು ಅಜ್ಜಿ, ಚಮಚದಿಂದ ಗೋಡೆ ತೋರಿಸುತ್ತ. ಅಲ್ಲಿ ಸಂತ ನಿಕೋಲನ ಪಟವಿತ್ತು. "ಡಿಸೆಂಬರ್ ಬರ್ತಾ ಇದೆ. ನಾನು ಕಣ್ಣು ಮುಚ್ಚೋ ತನಕ ಈ ಮನೇಲಿ ಒಂದೇ ಬತ್ತಿ ಉರೀಬೇಕು, ಒಂದೇ ಕೊಲಾಚ್ ಮುರೀಬೇಕು. ಆಮೇಲೆ ನೀವು ಒಬ್ಬರ ತಲೆ ಒಬ್ಬರು ಮುರ್ಕೊಳ್ಳಿ. ನಾನೇನು ನೋಡೋಕೆ ಬರಲ್ಲ."

ಕೊಲಾಚ್ ಅಂದರೆ ಸ್ಲಾವಾ ದಿನ, ಅಂದರೆ ಮನೆಯ ಸಂತನ ಹಬ್ಬದ ದಿನ ಬೇಯಿಸುವ ದುಂಡನೆಯ ರೊಟ್ಟಿ. ತಾತ ಹೋದ ಮೇಲೆ ಅಪ್ಪ, ದೊಡ್ಡಪ್ಪ ಇಬ್ಬರೂ ಅದನ್ನು ಎರಡು ಕಡೆಯಿಂದ ಹಿಡಿದು ತಿರುಗಿಸಿ, ವೈನ್ ಸುರಿದು, ಮುರಿದು, ಒಬ್ಬರ ಕೆನ್ನೆಗೊಬ್ಬರು ಮುತ್ತಿಡುತ್ತಿದ್ದರು. ಅಣ್ಣತಮ್ಮಂದಿರು ಬೇರೆಬೇರೆ ಕೊಲಾಚ್ ಮುರಿದರೆ ಮನೆ ಒಡೆಯಿತು ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಡಂಗುರ ಹೊಡೆಸಬೇಕಾಗಿಲ್ಲ. ಅಜ್ಜಿಗಿದ್ದ ಭಯ ಅದೊಂದೇ. ಅಂಗಡಿ ಮುಳುಗಿದರೂ ಅವಳು ಅಷ್ಟು ಚಿಂತಿಸುತ್ತಿರಲಿಲ್ಲ.

ಮೇಡಂಗೆ ತೋರಿಸಲು ನಾನೊಂದು ದೊಡ್ಡ ಹಾಳೆಯಲ್ಲಿ ಚೌಕಗಳನ್ನು ಬರೆದೆ, ಯಾರ ಕೆಳಗೆ ಯಾರು ಅಂತ. ಅಪ್ಪ, ದೊಡ್ಡಪ್ಪ ಮೇಲಿನ ಸಾಲಿನಲ್ಲಿ ಅಕ್ಕಪಕ್ಕ ಇದ್ದರು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಇಂಥದ್ದೊಂದು ನಾನೂ ಬರೀತೀನಿ" ಅಂದ. ಮರುದಿನ ಅಂಗಡಿಯ ಗೋಡೆಯಲ್ಲಿ ಅವನ ಹಾಳೆ ನೇತಾಡುತ್ತಿತ್ತು. ಮೇಲೆ ಒಂದೇ ಚೌಕ, ಅದರೊಳಗೆ ವೆಲಿಬೋರ್. ಅದರ ಕೆಳಗೆ ಗೋತ್ಸಾಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಚೌಕ, ಅದರೊಳಗೆ ರಾತೊಮಿರ್.

ದೊಡ್ಡಪ್ಪ ಅದನ್ನು ಕಿತ್ತು, ಬಿಸಿ ಬುರೆಕ್‌ನ ಅಡಿಗೆ ಹಾಸಿ ಒಬ್ಬ ಗಿರಾಕಿಗೆ ಕಟ್ಟಿಕೊಟ್ಟ. ಎಣ್ಣೆ ಚೆನ್ನಾಗಿ ಹೀರಿತಂತೆ.

ಸಂಜೆ ಊಟಕ್ಕೆ ಕೂತಾಗ ಅಪ್ಪ ಚಮಚವನ್ನು ಮೇಜಿಗೆ ಕುಕ್ಕಿದ. "ನನ್ನ ಅಂಗಡಿ ಗೋಡೆ ಮೇಲಿನ ಹಾಳೆ ಕೀಳೋಕೆ ನೀನ್ಯಾರು?"

"ನಿನ್ನ ಅಂಗಡೀನಾ? ಯಾವಾಗಿಂದ?"

"ನಿನ್ನ ಕೈಗೆ ಬಿಟ್ರೆ ಅದು ಸತ್ತುಹೋದೋರ ಕಾಲದಲ್ಲೇ ಇರುತ್ತೆ. ಎದುರಿಗೆ ಹೊಸ ಕಚೇರಿ ಬಂದಿದೆ. ಅಷ್ಟೊಂದು ಜನ ಹಸ್ಕೊಂಡು ಕೆಳಗಿಳಿಯೋ ಹೊತ್ತಿಗೆ ಸರಿಯಾಗಿ ನಾವು ಬಾಗಿಲು ಹಾಕಿ ಮನೆಗೆ ಬಂದು ನಿದ್ದೆ ಹೊಡೀತೀವಿ."

"ನಿದ್ದೆ ಹೊಡೆಯೋನು ನಾನು. ಯಾಕಂದ್ರೆ ಕತ್ತಲಲ್ಲಿ ಎದ್ದೋನೂ ನಾನೇ. ನೀನು ಹಲ್ಲುಜ್ಜೋ ಹೊತ್ತಿಗೆ ನನ್ನ ಬೆನ್ನು ಮುರಿದಿರುತ್ತೆ."

"ನಾನೊಂದು ಕೇಳ್ಲಾ?" ಅಮ್ಮ ಇದ್ದಕ್ಕಿದ್ದ ಹಾಗೆ ಬಾಯಿಬಿಟ್ಟಳು. "ತಟ್ಟೆ ಉಜ್ಜೋರು, ಏಪ್ರನ್ ಒಗೆಯೋರು, ಈರುಳ್ಳಿ ಹೆಚ್ಚೋರು ಯಾವ ಚೌಕದಲ್ಲಿದಾರೆ? ಹಾಳೇನೆಲ್ಲ ಹುಡುಕಿದೆ. ನಾನೂ ಇಲ್ಲ, ದೆಸಾಂಕಾ ಅಕ್ಕಾನೂ ಇಲ್ಲ."

"ಎಣ್ಣೆ ಹೀರಿದ ಕಡೆ ಇದೀವಿ ಕಣೇ ನಾವಿಬ್ರೂ," ಎಂದಳು ದೊಡ್ಡಮ್ಮ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಒಟ್ಟಿಗೆ ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಜಗಳ ಬಗೆಹರಿಸಲು ನಮ್ಮ ಪುಸ್ತಕದಲ್ಲಿ ಐದು ದಾರಿ ಹೇಳಿದ್ದಾರೆ. ನಮ್ಮ ಮನೆಗೆ ಗೊತ್ತಿರುವುದು ಎರಡೇ, ಕಿರುಚುವುದು ಮತ್ತು ಮಾತು ಬಿಡುವುದು. ಮೊದಲನೆಯದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ, ಎರಡನೆಯದರಲ್ಲಿ ದೊಡ್ಡಪ್ಪನನ್ನು. ಮರುದಿನದಿಂದ ದೊಡ್ಡಪ್ಪ ಅಂಗಡಿಯಲ್ಲಿ ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಗೋತ್ಸಾಳ ಮೂಲಕವೇ ಹೇಳತೊಡಗಿದ. "ಗೋತ್ಸಾ, ಹಿಟ್ಟು ಮುಗೀತು ಅಂತ ನಿನ್ನ ಯಜಮಾನನಿಗೆ ಹೇಳು." ಯಜಮಾನ ಕೈಗೆಟಕುವಷ್ಟು ದೂರದಲ್ಲೇ ಕೂತಿರುತ್ತಿದ್ದ. "ಇಬ್ಬರಿಗೂ ಕಿವಿ ಇದೆ, ನನಗೆ ಮಾತ್ರ ಇಲ್ಲದ ಹಾಗೆ ಮಾಡಪ್ಪಾ ದೇವರೇ," ಎನ್ನುತ್ತಿದ್ದಳು ಗೋತ್ಸಾ.

ನವೆಂಬರಿನಲ್ಲಿ ನಾನು ತರಗತಿಯ ಮುಂದೆ ನಿಂತು ನಮ್ಮ ಅಂಗಡಿಯ ವಿಷಯ ಹೇಳಿದೆ. ಇಬ್ಬರ ಪರವಾಗಿಯೂ ನ್ಯಾಯವಾಗಿ ಹೇಳಿದೆ, ಬೇಕಾದರೆ ಯಾರನ್ನಾದರೂ ಕೇಳಿ. ಮೇಡಂ ಖುಷಿಯಾಗಿ, "ಜೀವಂತ ಉದಾಹರಣೆ ಅಂದ್ರೆ ಇದು. ಈಗ ತರಗತಿ ತೀರ್ಮಾನ ಮಾಡ್ಲಿ. ಇಬ್ಬರಲ್ಲಿ ಯಾರು ಮುಖ್ಯಸ್ಥರಾಗಬೇಕು? ಕೈ ಎತ್ತಿ," ಅಂದರು. ಅಪ್ಪನಿಗೆ ಇಡೀ ಕೋಣೆ ಕೈ ಎತ್ತಿತು. ದೊಡ್ಡಪ್ಪನಿಗೆ ಹಿಂದಿನ ಬೆಂಚಿನಿಂದ ಎಲ್ಲೋ ಒಂದೆರಡು. "ಒಲೆ ಹತ್ರ ಇರೋನ ಜಾಗಕ್ಕೆ ಬೇರೆಯವರನ್ನ ತರಬಹುದು," ಎಂದ ಮುಂದಿನ ಸಾಲಿನ ಒಬ್ಬ. ಹುಟ್ಟಿದಾಗಿನಿಂದ ತಾನು ಉಂಡ ತಟ್ಟೆ ತೊಳೆಯದವನು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹತ್ತಕ್ಕೆ ಹತ್ತು ಅಂಕ ಬಂದಾಗ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ಮನೆಯಲ್ಲಿ ಅಂಕದ ಸುದ್ದಿ ಹೇಳಿದೆ, ಕೈ ಎತ್ತಿದ ಸುದ್ದಿ ಹೇಳಲಿಲ್ಲ.

ಅದನ್ನು ಹೇಳುವುದಕ್ಕೆ ಬೇರೆಯವರಿದ್ದರು. ನನ್ನ ಜೊತೆ ಓದುವ ಉಗ್ಲೆಶಾ ಒಂದು ಬೆಳಗ್ಗೆ ಬುರೆಕ್ ತಿನ್ನಲು ಬಂದವನು, ಬಾಯಿ ತುಂಬ ತುಂಬಿಕೊಂಡೇ ಒಲೆಯ ಕಡೆ ಬಗ್ಗಿ, "ಅಂಕಲ್, ನಾನು ನಿಮಗೇ ಕೈ ಎತ್ತಿದ್ದು! ಎಲ್ಲರೂ ನಿಮ್ಮನ್ನ ತೆಗೀಬೇಕು ಅಂದ್ರು. ನಾನು ಒಪ್ಪಲೇ ಇಲ್ಲ," ಅಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನ ಒಳ್ಳೆಯ ಮನಸ್ಸಿಗಿಷ್ಟು ಬೆಂಕಿ ಹಾಕ!

ಅವತ್ತು ನಾನು ಕಾಲೇಜಿನಿಂದ ಬರುವಾಗ ದೊಡ್ಡಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ.

"ನನ್ನ ಮೇಲೆ ವೋಟು ಹಾಕಿಸಿದೆಯಂತೆ?"

"ನಾನು ಹಾಕಿಸ್ಲಿಲ್ಲ. ಅದು ಪಾಠ ದೊಡ್ಡಪ್ಪಾ. ಬರೀ ಉದಾಹರಣೆ."

"ಉದಾಹರಣೆ." ಕೊಡಲಿಯನ್ನು ಕೊರಡಿಗೆ ಕಚ್ಚಿಸಿ ನಿಲ್ಲಿಸಿದ. "ಚಿಕ್ಕವಳಿದ್ದಾಗ ನಿನಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಾದಾಗ ಹಿಮದಲ್ಲಿ ಆಸ್ಪತ್ರೆ ತನಕ ಹೊತ್ಕೊಂಡು ಓಡಿದೆ. ಅವತ್ತು ನಾನು ಉದಾಹರಣೆ ಆಗಿರ್ಲಿಲ್ಲ. ಮನೆ ಜಗಳ ಮನೇಲಿತ್ತು ಕಣೇ. ನೀನು ಅದನ್ನ ಕಂಡವರ ಮಕ್ಕಳ ಮುಂದೆ ಇಟ್ಟು ತುಂಡು ಮಾಡಿ ಹಂಚಿದೆ."

"ಮನೇಲಿ ಇಟ್ಕೊಂಡು ನೀವೇನು ಉದ್ಧಾರ ಮಾಡಿದ್ರಿ?" ನನಗೂ ರೇಗಿಹೋಯಿತು. "ಇಬ್ಬರೂ ಒಂದು ಸಲ ಎದುರುಬದುರು ಕೂತು ಮಾತಾಡಿದ್ದಿದ್ರೆ ನನಗೆ ಉದಾಹರಣೇನೇ ಸಿಗ್ತಿರ್ಲಿಲ್ಲ!"

ಅವನು ಸೌದೆ ಎತ್ತಿಕೊಂಡು ಒಳಗೆ ಹೋದ. ತಪ್ಪು ನನ್ನದೇ ಅಂತ ಆಮೇಲೆ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹುಣ್ಣು ಇದೆ ಅಂದವಳು ನಾನು, ಹುಣ್ಣು ಮಾಡಿದವಳಲ್ಲ.

ಅಪ್ಪನಿಗೆ ಮಾತ್ರ ತರಗತಿಯ ತೀರ್ಪು ಕೇಳಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ವಾರ ಕಾರ್ಖಾನೆಯಿಂದ ಹಿಮಗಟ್ಟಿದ ಬುರೆಕ್ ಪೆಟ್ಟಿಗೆಗಳನ್ನು ತರಿಸಿ, ದೊಡ್ಡಪ್ಪನ ತಟ್ಟೆಗಳು ಖಾಲಿಯಾದ ಮೇಲೆ ಅದನ್ನೇ ಬಿಸಿ ಮಾಡಿ ಮಾರತೊಡಗಿದ. ಕಚೇರಿಯವರು ಬಂದರು, ತಿಂದರು. ಮಾರಾಟವೇನೋ ಆಯಿತು, ಸುಳ್ಳು ಹೇಳಬಾರದು. ದೊಡ್ಡಪ್ಪ ಒಂದು ತುಂಡು ಬಾಯಿಗೆ ಹಾಕಿ, ಹೊರಗೆ ಹೋಗಿ ಉಗುಳಿ ಬಂದ. "ಗೋತ್ಸಾ, ನಿನ್ನ ಯಜಮಾನನಿಗೆ ಹೇಳು. ನನ್ನಪ್ಪನ ಒಲೇಲಿ ರಟ್ಟು ಸುಡ್ತಾ ಇದಾನೆ ಅಂತ."

ಅವತ್ತಿನಿಂದ ಮನೆಯ ಊಟ ಎರಡಾಯಿತು. ನಾವು ಕೆಳಗಿಳಿಯುವ ಹೊತ್ತಿಗೆ ದೊಡ್ಡಪ್ಪ, ದೊಡ್ಡಮ್ಮ ಉಂಡು ಎದ್ದಿರುತ್ತಿದ್ದರು. ಸ್ವಲ್ಪ ದಿನ ಹೀಗೇ ನಡೆದ ಮೇಲೆ ಅಮ್ಮ, "ಎಂಜಲು ಮೇಜಿನಲ್ಲಿ ಉಣ್ಣೋ ಹಣೆಬರಹ ನನಗಿಲ್ಲ" ಎಂದು ಮೇಲೆ ಒಲೆ ಹೂಡಿದಳು. ಮೆಣಸಿನಕಾಯಿ ಚಟ್ನಿಯ ಜಾಡಿಗಳನ್ನು ಅವರಿಗೆ ಇಷ್ಟು ನಮಗೆ ಇಷ್ಟು ಅಂತ ಹಂಚಿದ್ದಾಯಿತು. ಜಾಮಿನ ಜಾಡಿಗಳೂ ಆದವು. ಹಂಚಲಾಗದೆ ಉಳಿದಿದ್ದು ನೆಲಮಾಳಿಗೆಯ ಎಲೆಕೋಸಿನ ಪೀಪಾಯಿ.

ಚಳಿಗಾಲಕ್ಕೆ ಉಪ್ಪುನೀರಿನಲ್ಲಿ ಹುಳಿಗಿಟ್ಟ ಕೋಸು ಅದು. ಅಡಿಯ ನಲ್ಲಿಯಿಂದ ನೀರು ಇಳಿಸಿ ಆಗಾಗ ಮೇಲಿಂದ ಮತ್ತೆ ಸುರಿಯುತ್ತಿರಬೇಕು. ದೊಡ್ಡಪ್ಪ ಮಾಡುತ್ತಾನೆಂದು ಅಮ್ಮ ಸುಮ್ಮನಿದ್ದಳು. ಮೇಲಿನವರು ಮಾಡಲಿ ಅಂತ ದೊಡ್ಡಮ್ಮ ಸುಮ್ಮನಿದ್ದಳು. ಡಿಸೆಂಬರಿನ ಮೊದಲ ವಾರ ಅಂಗಳದ ತನಕ ನಾತ ಬಂತು. ಅಜ್ಜಿ ಮುಚ್ಚಳ ತೆಗೆಸಿದಳು. ಕೋಸು ಲೋಳೆಯಾಗಿ ಕೈಗೆ ಅಂಟಿತು.

"ನಿಮ್ಮ ಗಂಡ ತಾನೇ ಪ್ರತಿವರ್ಷ ನೋಡ್ಕೊಳ್ತಿದ್ದಿದ್ದು?" ಅಮ್ಮ ನೆಲಮಾಳಿಗೆಯ ಮೆಟ್ಟಿಲಿನಿಂದಲೇ ಕೂಗಿದಳು.

"ಪ್ರತಿವರ್ಷ ಅವರು ಯಜಮಾನರಾಗಿದ್ರು," ಎಂದಳು ದೊಡ್ಡಮ್ಮ. "ಈ ವರ್ಷ ಪುಟ್ಟ ಚೌಕದಲ್ಲಿದಾರೆ. ದೊಡ್ಡ ಚೌಕದೋರು ಬಂದು ಮಾಡ್ಲಿ."

"ನಾಲಿಗೆ ನೋಡು!"

"ನಾಲಿಗೆ ಇದೆ ನನಗೆ. ಉಪ್ಪುನೀರಲ್ಲಿ ಹಾಕಿಟ್ಟಿಲ್ಲ."

ಯಾರದೂ ಅಲ್ಲದ ಕೆಲಸ ಹಾಳಾಗುತ್ತದೆ ಎಂಬ ಪಾಠವೂ ನಮ್ಮ ಪುಸ್ತಕದಲ್ಲಿದೆ, ಏಳನೆಯ ಅಧ್ಯಾಯ. ನಾನು ಆ ಪೀಪಾಯಿಯನ್ನು ಗೊಬ್ಬರದ ಗುಂಡಿಗೆ ಬಗ್ಗಿಸಿ, ಮೂಗು ಕಟ್ಟಿಕೊಂಡು ಉಜ್ಜಿ ತೊಳೆದೆ. ಆ ಅಧ್ಯಾಯ ಮರೆಯುವ ಹಾಗೇ ಇಲ್ಲ.

ಸ್ಲಾವಾ ಹತ್ತಿರ ಬಂತು. ಒಂದು ಸಂಜೆ ನಾನು ಕೆಳಗೆ ಅಜ್ಜಿಯ ಜೊತೆ ಹಬ್ಬದ ಗೋಧಿ ಹಸನು ಮಾಡುತ್ತ ಕೂತಿದ್ದೆ. ದೊಡ್ಡಪ್ಪ ಒಲೆಯ ಬದಿಯಲ್ಲಿ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದ. ಹೊರಗಿನ ಬಾಗಿಲ ಗಂಟೆ ಬಡಿಯಿತು. ವಿದ್ಯುತ್ ಮೀಟರ್ ಓದುವವನನ್ನು ಬಿಟ್ಟರೆ ಆ ಗಂಟೆ ಒತ್ತುವವರು ಯಾರೂ ಇಲ್ಲ. ದೊಡ್ಡಮ್ಮ ಹೋಗಿ ಬಾಗಿಲು ತೆಗೆದರೆ ಅಪ್ಪ ನಿಂತಿದ್ದ. ಗಡ್ಡ ಹೆರೆದು, ಕೋಟು ಹಾಕಿ, ಕೈಯಲ್ಲೊಂದು ಪ್ಲಮ್ ಬ್ರಾಂದಿಯ ಶೀಷೆ ಹಿಡಿದಿದ್ದ. ಮನೆಯೊಳಗಿನ ಮೆಟ್ಟಿಲು ಬಿಟ್ಟು, ಅಂಗಳ ಸುತ್ತಿ ಬಂದಿದ್ದ.

"ಅಣ್ಣಾ," ಎಂದ ಹೊಸ್ತಿಲಲ್ಲೇ ನಿಂತು. "ಹತ್ತೊಂಬತ್ತಕ್ಕೆ ನಮ್ಮನೇಲಿ, ಮೇಲೆ, ಸ್ಲಾವಾ. ಅತ್ತಿಗೇನ ಕರ್ಕೊಂಡು ಬರಬೇಕು. ಹಳೇದೆಲ್ಲ ಬಿಡು. ನೀನು ಬಂದ್ರೆ ನನಗೆ ಸಂತೋಷ."

ಅಜ್ಜಿಯ ಕೈಯ ಗೋಧಿ ನೆಲಕ್ಕೆ ಬಿತ್ತು.

ಸ್ಲಾವಾಕ್ಕೆ ನಮ್ಮಲ್ಲಿ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ಬರಬೇಕಾದವರಿಗೆ ದಿನ ಗೊತ್ತು, ಬಾಗಿಲು ಗೊತ್ತು, ಹೋದ ವರ್ಷ ಬಂದವರು ಈ ವರ್ಷವೂ ಬರುತ್ತಾರೆ. ಕರೆದರೆ ನೀನು ಹೊರಗಿನವನು, ಬಂದು ಉಂಡು ಹೋಗು ಅಂತ ಅರ್ಥ. ಇಲ್ಲಿ ತಮ್ಮನೇ ಬಂದು ಒಡಹುಟ್ಟಿದ ಅಣ್ಣನನ್ನು ಅವನ ಮನೆಯದೇ ಹಬ್ಬಕ್ಕೆ ಕರೆಯುತ್ತಿದ್ದ! ಅಪ್ಪನಿಗೆ ಇದು ಗೊತ್ತಿಲ್ಲದ್ದಲ್ಲ. ಯಜಮಾನ ಯಜಮಾನ ಅಂತ ಹೇಳಿಕೊಂಡು ಹೇಳಿಕೊಂಡು, ಹಬ್ಬಕ್ಕೂ ತಾನೊಬ್ಬನೇ ಯಜಮಾನ ಎನ್ನುವುದು ಅವನ ತಲೆಯೊಳಗೆ ಇಳಿದುಬಿಟ್ಟಿತ್ತು. ಸಂಧಾನಕ್ಕೆಂದೇ ಬಂದಿದ್ದ, ಅದಂತೂ ನಿಜ.

ದೊಡ್ಡಪ್ಪ ನಿಧಾನವಾಗಿ ಎದ್ದು, ಕೈ ಒರೆಸಿಕೊಂಡ. "ತಾವು ಇಷ್ಟು ದೂರ ಬಂದು ಕರೆದಿದ್ದು ದೊಡ್ಡ ಮಾತು," ಎಂದ. ಹುಟ್ಟಿದಾಗಿನಿಂದ ತಮ್ಮನನ್ನು ತಾವು ಅಂದವನಲ್ಲ. "ಆದ್ರೆ ಕ್ಷಮಿಸಬೇಕು, ಬರೋಕಾಗಲ್ಲ. ಅವತ್ತು ನಮ್ಮನೇಲೂ ಸ್ಲಾವಾ ಇದೆ."

"ಕರೆದೆಯಾ?" ಅಜ್ಜಿ ಮೇಜು ಹಿಡಿದು ಎದ್ದಳು. "ನಿನ್ನ ಅಣ್ಣನನ್ನ ಕರೆದೆಯೇನೋ? ಅಂಚೆಯವನನ್ನ ಕರಿ, ಪೊಲೀಸನ್ನ ಕರಿ! ನಾನು ಹೆತ್ತಿದ್ದು ಇವನನ್ನ, ಇವನನ್ನ ಕರೆಯೋಕೆ ಗಂಟೆ ಒತ್ತಿದೆಯಾ?"

"ಬಂದ್ರೆ ಅವಮಾನ, ಬರದಿದ್ರೆ ಸೊಕ್ಕು! ಏನು ಮಾಡ್ಬೇಕಮ್ಮಾ ನಾನು?"

"ಒಳಗಿನ ಮೆಟ್ಟಿಲು ಇಳಿದು, ಆ ಕುರ್ಚೀಲಿ ಕೂತು, ಬತ್ತಿ ತಂದೆಯೇನೋ ರಾತೊ ಅಂತ ಕೇಳ್ಬೇಕಿತ್ತು. ಅಷ್ಟು ಮಾಡೋಕೆ ನಿನಗೆ ಕೋಟು ಬೇಕಿರ್ಲಿಲ್ಲ."

ಅಪ್ಪ ಶೀಷೆಯನ್ನು ಹೊಸ್ತಿಲ ಮೇಲಿಟ್ಟು ಹೊರಟ. ದೊಡ್ಡಮ್ಮ ಅದನ್ನು ಎತ್ತಿ ಅಂಗಳದ ಬೆಂಚಿನ ಮೇಲಿಟ್ಟು ಬಾಗಿಲು ಹಾಕಿದಳು. ಮೇಲೆ ಹೋದ ಮೇಲೆ ಅಪ್ಪ ನನ್ನ ಮೇಲೆ ಉರಿದುಬಿದ್ದ. "ನಿನ್ನ ಪುಸ್ತಕದಲ್ಲೇ ಇದೆಯಲ್ಲ, ಯಾವುದನ್ನೂ ಮನಸ್ಸಲ್ಲಿ ಇಟ್ಕೋಬಾರದು, ಸ್ಪಷ್ಟವಾಗಿ ಬಾಯಿಬಿಟ್ಟು ಹೇಳ್ಬೇಕು ಅಂತ?"

"ಅದು ಸಂಬಳಕ್ಕಿರೋರಿಗೆ ಅಪ್ಪಾ."

"ಹಂಗಾದ್ರೆ ಮನೇಲಿರೋರಿಗೆ ಏನು ಬರೆದಿದಾರೆ?"

"ಏನೂ ಬರೆದಿಲ್ಲ," ಎಂದೆ. ನಿಜವಾಗಿಯೂ ಬರೆದಿಲ್ಲ.

ಹಬ್ಬದ ದಿನ ಹಿಮ ಬಿದ್ದಿತ್ತು. ಅಪ್ಪ ಚರ್ಚಿನ ಅಂಗಡಿಯಿಂದ ಹೊಸದೊಂದು ಸಂತ ನಿಕೋಲನನ್ನು ತಂದು ಮೇಲಿನ ಗೋಡೆಗೆ ಮೊಳೆ ಹೊಡೆದಿದ್ದ. ಅಜ್ಜಿಯ ಪಟಕ್ಕಿಂತ ದೊಡ್ಡದು, ಚೌಕಟ್ಟು ಹೊಳೆಯುತ್ತಿತ್ತು. ಅಮ್ಮ ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದ ಕಟ್ಟಳೆಯಂತೆ ಹಾಲು ಮೊಟ್ಟೆ ಮುಟ್ಟಿಸದೆ ಕೊಲಾಚ್ ಬೇಯಿಸಿದಳು, ಒಲೆಯಲ್ಲಿ ಬಿಳಿ ಅವರೆ ಇಟ್ಟಳು, ಆ ಉಪವಾಸಕ್ಕೆ ಸಲ್ಲುವ ಕಾರ್ಪ್ ಮೀನು ಹುರಿದಳು, ಕೋಸಿನೆಲೆಯಲ್ಲಿ ಅನ್ನ ಸುತ್ತಿದಳು. ಕೋಸು ಮಾರುಕಟ್ಟೆಯಿಂದ ತಂದಿದ್ದು. ಕೆಳಗಿನಿಂದಲೂ ಅದೇ ವಾಸನೆ ಬರುತ್ತಿತ್ತು, ಅವರೂ ಅಲ್ಲಿಂದಲೇ ತಂದಿದ್ದರು. ಅಪ್ಪ ಬಿಳಿ ಅಂಗಿ ಹಾಕಿ, ಬತ್ತಿ ಹಚ್ಚಿ, ಕಿಟಕಿಯಲ್ಲಿ ನಿಂತ.

ಮೊದಲು ಗೇಟು ತೆಗೆದವನು ಜಿವೊಯಿನ್, ಅಪ್ಪನ ಮದುವೆಗೆ ಸಾಕ್ಷಿ ನಿಂತವನು, ನನಗೆ ಹೆಸರಿಟ್ಟವನು. ಹೆಂಡತಿಯನ್ನು ಕರೆದುಕೊಂಡು ಬಂದವನು, ಬೂಟಿನ ಹಿಮ ಕುಟ್ಟಿ, ಪ್ರತಿವರ್ಷ ಹೋಗುವ ಬಾಗಿಲಿಗೇ ಹೋದ. ಕೆಳಗಿನ ಬಾಗಿಲಿಗೆ.

"ಅಮ್ಮನ ಕೈ ಮುಟ್ಟಿ ಮೇಲೆ ಬರ್ತಾನೆ," ಎಂದ ಅಪ್ಪ.

ಪಕ್ಕದ ಮನೆಯವರು ಬಂದರು. ಅಮ್ಮನ ತಂಗಿ ಬಂದಳು. ಮಾರುಕಟ್ಟೆಯ ತರಕಾರಿಯವರು, ಹಿಟ್ಟಿನ ಗಿರಣಿಯವನು, ಹೊಸ ಲಿಪ್‌ಸ್ಟಿಕ್ ಹಚ್ಚಿಕೊಂಡು ಗೋತ್ಸಾ ಕೂಡ ಬಂದಳು. ಎಲ್ಲರ ಕಾಲೂ ತನಗೆ ಗೊತ್ತಿದ್ದ ಬಾಗಿಲಿಗೇ ಹೋಯಿತು. ಕೆಳಗೆ ಕುರ್ಚಿ ಎಳೆಯುವ ಸದ್ದು, ಲೋಟದ ಸದ್ದು, ನಗು. ಮೇಲೆ ನಮ್ಮ ಮೂವರ ಮುಂದೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು.

"ಏನು ಮಾಡ್ತಿದಾರೆ ನೋಡಿ ಬಾ," ಎಂದ ಅಪ್ಪ.

ಒಳಗಿನ ಮೆಟ್ಟಿಲು ಇಳಿದು ಹೋದೆ. ದೊಡ್ಡಪ್ಪ ಕೊಲಾಚ್‌ನ ಒಂದು ಬದಿ ಹಿಡಿದಿದ್ದ, ಇನ್ನೊಂದು ಬದಿಯನ್ನು ಜಿವೊಯಿನ್. "ವೆಲಿಬೋರ್ ಎಲ್ಲಿ? ಅಂಗಡೀಲಿ ಸಿಕ್ಕಿಹಾಕ್ಕೊಂಡನಾ?" ಎಂದು ಜಿವೊಯಿನ್ ಕೇಳಿದ.

"ಮೇಲಿದಾನೆ," ಎಂದಳು ದೊಡ್ಡಮ್ಮ. "ಅವನದು ಬೇರೆ ಈ ವರ್ಷ."

ಜಿವೊಯಿನ್ ರೊಟ್ಟಿಯನ್ನೂ ದೊಡ್ಡಪ್ಪನನ್ನೂ ನೋಡಿದ. ಹಿಡಿದ ಮೇಲೆ ಬಿಡುವ ಹಾಗಿಲ್ಲ, ತಿರುಗಿಸಿದ, ಮುರಿದ. ಈಗ ಎದ್ದು ಮೇಲೆ ಹೋದರೆ ಕೆಳಗಿನವರಿಗೆ ಅವಮಾನ. ಯಾರೂ ಏಳಲಿಲ್ಲ, ಎಲ್ಲರೂ ತಟ್ಟೆ ನೋಡುತ್ತ ಕೂತರು. ಅಜ್ಜಿಯ ಪಟದ ಮುಂದೆ ಒಂದೇ ಬತ್ತಿ ಉರಿಯುತ್ತಿತ್ತು. ಅವಳು ಅದರ ಕಡೆ ತಿರುಗಿಯೂ ನೋಡದೆ, ನಾನು ತೆರೆದು ಬಂದ ಮೆಟ್ಟಿಲ ಬಾಗಿಲನ್ನೇ ನೋಡುತ್ತಿದ್ದಳು. ಒಂದು ತಟ್ಟೆಯಲ್ಲಿ ಸಕ್ಕರೆ, ವಾಲ್‌ನಟ್ ಹಾಕಿ ಬೇಯಿಸಿದ ಗೋಧಿ ಇಟ್ಟು ನನ್ನ ಕೈಗೆ ಕೊಟ್ಟಳು. "ಅವನ ಬಾಯಿಗೆ ಹಾಕು."

ತಟ್ಟೆ ನೋಡಿದ ಕೂಡಲೇ ಅಪ್ಪನ ಮುಖ ಕೆಂಪಾಯಿತು. "ಇದು ಬಂದ ನೆಂಟರಿಗೆ ಬಾಗಿಲಲ್ಲಿ ಕೊಡೋದು. ನಾನು ಅವರ ನೆಂಟನಾ?"

"ಅಜ್ಜಿ ಕೊಟ್ಟಿದ್ದು ಅಪ್ಪಾ."

"ಅಲ್ಲಿಡು." ಅವನು ಮುಟ್ಟಲಿಲ್ಲ. ಕಿಟಕಿಗೆ ಹೋದ, ಬಂದ. "ಹೋಗು. ಜಿವೊಯಿನ್‌ನ ಕರಿ. ಎಲ್ಲರನ್ನೂ ಕರಿ. ಮೇಲೆ ಮೀನು ಆರ್ತಾ ಇದೆ ಅನ್ನು."

"ಸ್ಲಾವಾಕ್ಕೆ ಯಾರನ್ನೂ ಕರೆಯಲ್ಲ ಅಪ್ಪಾ."

ಕಿರುಚುತ್ತಾನೆ ಅಂದುಕೊಂಡೆ. ಕಿರುಚಿದ್ದರೆ ಚೆನ್ನಾಗಿರುತ್ತಿತ್ತು. ಅವನು ಮೇಜಿನ ಬಿಳಿ ಬಟ್ಟೆಯ ಸುಕ್ಕು ಸರಿಮಾಡಿದ.

"ನಾವೇ ಇಳಿದು ಹೋಗೋಣ," ಎಂದೆ. "ಅಲ್ಲಿಗೂ ಯಾರೂ ಕರೆಯೋ ಹಾಗಿಲ್ಲ. ಸುಮ್ಮನೆ ಹೋಗಿ ಕೂತ್ಕೊಂಡ್ರೆ ಆಯ್ತು. ಅಜ್ಜಿ ಬಾಗಿಲು ನೋಡ್ತಾ ಕೂತಿದಾಳೆ."

"ಹೋಗೋಣ ರೀ," ಎಂದಳು ಅಮ್ಮ, ಏಪ್ರನ್ ಬಿಚ್ಚುತ್ತ.

ಅಪ್ಪ ಮೆಟ್ಟಿಲ ತನಕ ಹೋದ. ಕಟಕಟೆಯ ಮೇಲೆ ಕೈ ಇಟ್ಟ. ಕೆಳಗೆ ದೊಡ್ಡಪ್ಪ ಯಾರಿಗೋ, "ಇನ್ನೊಂದು ತುಂಡು ಹಾಕ್ಕೊಳಯ್ಯಾ, ನಾಚ್ಕೋಬೇಡ," ಅನ್ನುತ್ತಿದ್ದ. ಆ ಮಾತನ್ನು ಪ್ರತಿವರ್ಷ ಹೇಳುತ್ತಿದ್ದವನು ಅಪ್ಪ. ದೊಡ್ಡಪ್ಪ ವೈನ್ ಸುರಿಯುತ್ತಿದ್ದ, ಅಪ್ಪ ಹಾಗೆ ಒತ್ತಾಯ ಮಾಡುತ್ತಿದ್ದ. ಅಪ್ಪನ ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು.

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

"ಯಾರಾದ್ರೂ ಮೇಲೆ ಬಂದ್ರೆ?" ಎಂದ. "ಬಂದೋರಿಗೆ ಯಜಮಾನ ಇಲ್ಲದ ಮನೆ ಆಗಲ್ವಾ?"

"ಅಯ್ಯೋ ನಿಮ್ಮ ಯಜಮಾನಿಕೆಗೆ ಮಣ್ಣು ಹಾಕ! ಯಾರು ಬರ್ತಾರೆ ರೀ?" ಅಮ್ಮ ಅಳುವ ಹಾಗಾಗಿದ್ದಳು. "ಹೋಗ್ಲಿ, ಕೂತಾದ್ರೂ ಕೂತ್ಕೊಳ್ಳಿ. ಬೆಳಗ್ಗೆಯಿಂದ ನಿಂತಿದೀರ."

"ಸ್ಲಾವಾ ದಿನ ಯಜಮಾನ ಕೂರೋ ಹಾಗಿಲ್ಲ," ಎಂದ ಅಪ್ಪ.

ಅದೂ ನಿಜ. ಮನೆಯೊಡೆಯ ಅವತ್ತಿಡೀ ನಿಂತು ಬಂದವರಿಗೆ ಬಡಿಸಬೇಕು. ತಾತನೂ ನಿಂತಿದ್ದನಂತೆ. ಕೆಳಗೆ ದೊಡ್ಡಪ್ಪನೂ ನಿಂತೇ ಇದ್ದ. ನಾನು ಹೋಗಿ, ಜಿವೊಯಿನ್‌ಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತೆ. ಅಪ್ಪ ಮೀನಿನ ದೊಡ್ಡ ತುಂಡೊಂದನ್ನು ತಂದು ನನ್ನ ತಟ್ಟೆಗೆ ಹಾಕಿ, ಲೋಟಕ್ಕೆ ವೈನ್ ಸುರಿದು, ಹೊಸ ಪಟದ ಕೆಳಗೆ ಕೈಕಟ್ಟಿಕೊಂಡು ನಿಂತ.

"ಇನ್ನೊಂದು ತುಂಡು ಹಾಕ್ಕೋ," ಎಂದ ಸ್ವಲ್ಪ ಹೊತ್ತಾದ ಮೇಲೆ. "ನಾಚ್ಕೋಬೇಡ."